ರಜೆಗೆ ಮನೆ ಹಿಡಿಯುವ ಮುಂಚೆ ಬಾಯಿಬಿಟ್ಟು ಕೇಳಿ

ನಾವಿರುವುದು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ. ಇಲ್ಲಿ ಶಾಲೆಗಳಿಗೆ ದೊಡ್ಡ ರಜೆ ಶುರುವಾಗುವುದೇ ಜುಲೈ ಕೊನೆಗೆ. ಹಾಸನದಲ್ಲಿ ಅಷ್ಟೊತ್ತಿಗೆ ಅಣ್ಣನ ಮಕ್ಕಳ ಮೊದಲ ಟೆಸ್ಟೂ ಮುಗಿದಿರುತ್ತದೆ. ಅವರಿಗೆ ಬೇಸಿಗೆ ರಜೆ ಇದ್ದಾಗ ನಮಗಿಲ್ಲ, ನಮಗಿದ್ದಾಗ ಅವರಿಗಿಲ್ಲ. ಎಲ್ಲರೂ ಒಟ್ಟಿಗೆ ಇರಬೇಕು ಅಂದರೆ ಆಗಸ್ಟ್ 15ರ ಆಸುಪಾಸಿನ ಶನಿವಾರ, ಭಾನುವಾರವನ್ನೇ ಹೇಗೋ ಹಿಗ್ಗಿಸಿಕೊಳ್ಳಬೇಕು. ಮಲೆನಾಡಿನಲ್ಲಿ ಆಗ ಆಶ್ಲೇಷಾ ಮಳೆ. ಅಂಥ ಮಳೆಯಲ್ಲೇ ಈ ಸಲ ಮೂಡಿಗೆರೆ ಕಡೆ ಕಾಫಿ ತೋಟದೊಳಗಿನ ಒಂದು ಮನೆಯನ್ನು ಬಾಡಿಗೆಗೆ ಹಿಡಿದಿದ್ದೆವು.

ಹೋಟೆಲ್ ಬೇಡ ಅಂತ ಹಠ ಹಿಡಿದವಳು ನಾನೇ. ಹೋಟೆಲಿನಲ್ಲಿ ರಾತ್ರಿ ಊಟ ಆದ ತಕ್ಷಣ ಎಲ್ಲರೂ ಅವರವರ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ನಾನು ಅಷ್ಟು ದೂರದಿಂದ ಬರುವುದು ಅದಕ್ಕಲ್ಲ. ಹಾಸನದ ಮನೆಯಲ್ಲೇ ಇದ್ದರೆ ಅಮ್ಮ, ಅತ್ತಿಗೆ ಅಡುಗೆಮನೆ ಬಿಟ್ಟು ಹೊರಗೇ ಬರುವುದಿಲ್ಲ. ಬಂದುಹೋಗುವವರಿಗೆ ಕಾಫಿ ಮಾಡುವುದರಲ್ಲೇ ಅವರ ದಿನ ಮುಗಿಯುತ್ತದೆ. ನನಗೆ ಬೇಕಿದ್ದದ್ದು ಒಂದು ದೊಡ್ಡ ಹಜಾರ, ಅದರಲ್ಲಿ ಅಮ್ಮನೂ ಕಾಲು ಚಾಚಿ ಕೂತಿರಬೇಕು. ಅಷ್ಟೇ.

ಜರ್ಮನಿಯಲ್ಲಿ ರಜೆಗೆ ಮನೆ ಹಿಡಿಯುವುದು ತೀರಾ ಮಾಮೂಲಿ ಸಂಗತಿ. ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ಹಳ್ಳಿಗಳಲ್ಲಿ ಎಷ್ಟೋ ರೈತರು ತಮ್ಮ ಮನೆಯ ಒಂದು ಭಾಗವನ್ನು ಪ್ರವಾಸಿಗರಿಗೆ ಬಿಟ್ಟುಕೊಡುತ್ತಾರೆ. ಬೇಸಿಗೆಯಲ್ಲಿ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೆ ಲೆಕ್ಕ. ಬಾಡಿಗೆ ಇಡೀ ಮನೆಗೆ. ಹೊದಿಕೆ, ಟವೆಲ್ ಬೇಕಾದರೆ ಕೆಲವು ಕಡೆ ಬೇರೆ ದುಡ್ಡು, ಇಲ್ಲವಾದರೆ ನಾವೇ ಒಯ್ಯಬೇಕು. ಬಿಟ್ಟು ಹೊರಟ ಮೇಲೆ ಮಾಡುವ ಕ್ಲೀನಿಂಗಿಗೆ ಬೇರೆ. ಅದರ ಮೇಲೆ ಊರಿನ ಪ್ರವಾಸಿ ತೆರಿಗೆ, ತಲೆಗೆ ದಿನಕ್ಕೆ ಇಷ್ಟು ಅಂತ. ಅದನ್ನು ಕಟ್ಟಿದವರಿಗೆ ಬ್ಲ್ಯಾಕ್ ಫಾರೆಸ್ಟಿನ ಎಷ್ಟೋ ಊರುಗಳಲ್ಲಿ ಕೋನುಸ್ ಅನ್ನುವ ಕಾರ್ಡ್ ಕೊಡುತ್ತಾರೆ. ಆ ಸೀಮೆಯ ಬಸ್ಸು, ಲೋಕಲ್ ರೈಲು ಅದರಲ್ಲಿ ಫ್ರೀ. ಅಡುಗೆ ಮಾಡುವುದು ನಾವೇ, ಪಾತ್ರೆ ತೊಳೆಯುವುದೂ ನಾವೇ. ಭಾನುವಾರ ಅಂಗಡಿ ತೆಗೆಯುವುದಿಲ್ಲ, ಹಾಲು ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಬೇಕು. ಹೊರಡುವಾಗ ಕಸ ವಿಂಗಡಿಸಿ ಬೇರೆ ಬೇರೆ ಡಬ್ಬಕ್ಕೆ ಹಾಕಬೇಕು. ಮನೆಯವರ ಮುಖ ನೋಡದೆ, ಗೋಡೆಯ ಪೆಟ್ಟಿಗೆಗೆ ನಂಬರ್ ಒತ್ತಿ ಕೀ ತೆಗೆದುಕೊಂಡು ಇದ್ದು ಬಂದದ್ದೂ ಇದೆ. ಆ ಒಣ ವ್ಯವಹಾರ ನನಗೆ ಇವತ್ತಿಗೂ ಒಗ್ಗಿಲ್ಲ.

ಆದರೆ ಒಂದು ಪದ್ಧತಿ ಮಾತ್ರ ತುಂಬಾ ಇಷ್ಟ. ಎಲ್ಲವನ್ನೂ ಮೊದಲೇ ಬರೆದಿರುತ್ತಾರೆ. ಮನೆ ಎಷ್ಟು ಚದರ ಮೀಟರ್, ಯಾವ ಕೋಣೆಯಲ್ಲಿ ಎಂಥ ಮಂಚ, ಎಷ್ಟು ಮೆಟ್ಟಿಲು, ಬೇಕರಿ ಎಷ್ಟು ದೂರ, ಒಲೆ ಗ್ಯಾಸಿನದೋ ಕರೆಂಟಿನದೋ, ಎಲ್ಲಾ. ಒಳಗೆ ಮೇಜಿನ ಮೇಲೆ ಒಂದು ಫೈಲ್ ಇರುತ್ತದೆ. ಫ್ಯೂಸ್ ಎಲ್ಲಿದೆ, ಡಾಕ್ಟರ್ ಎಲ್ಲಿ ಸಿಗುತ್ತಾರೆ, ಅದೂ ಅದರಲ್ಲಿರುತ್ತದೆ.

ನಮ್ಮ ಕಡೆ ಇದಕ್ಕೆ ಪೂರ್ತಿ ಉಲ್ಟಾ. ಫೋನ್ ಮಾಡಿದರೆ ಬರುವ ಉತ್ತರ ಒಂದೇ, "ಬನ್ನಿ ಮೇಡಂ, ಎಲ್ಲಾ ಇದೆ, ನೋಡ್ಕೊಳ್ಳೋಣ." ಅದು ಸುಮ್ನೆ ಹೇಳುವ ಮಾತಲ್ಲ, ನಿಜವಾಗಿಯೂ ನೋಡಿಕೊಳ್ಳುತ್ತಾರೆ. ಆದರೆ ಎಪ್ಪತ್ತೈದು ದಾಟಿದ, ಮಂಡಿ ನೋವಿರುವ ಅಪ್ಪನನ್ನು ಕರೆದುಕೊಂಡು ಹೋಗುವವರಿಗೆ ಅಷ್ಟು ಸಾಲುವುದಿಲ್ಲ. ಕಮೋಡ್ ಇದೆಯಾ, ಅದು ಬಚ್ಚಲ ಮನೆಯಿಂದ ಹೊರಗಿದೆಯಾ ಒಳಗಿದೆಯಾ ಅನ್ನುವುದು ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಏನು ಮಾಡುವುದು?

ಹಾಗಾಗಿ ಇಲ್ಲಿಂದಲೇ ಫೋನ್ ಮಾಡಿ ಕೇಳುತ್ತಾ ಹೋದೆ. ಮೊದಲು, ಇಡೀ ಮನೆ ನಮಗೇನಾ, ಪಕ್ಕದ ಕೋಣೆಗೆ ಬೇರೆಯವರು ಬರುತ್ತಾರಾ ಅಂತ. ಚಿಕ್ಕಮಗಳೂರು ಕಡೆ ಬಹಳಷ್ಟು ಹೋಮ್‌ಸ್ಟೇಗಳಲ್ಲಿ ಊಟ ತಿಂಡಿ ಸೇರಿಸಿ ತಲೆಗೆ ಇಷ್ಟು ಅಂತ ರೇಟು. ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಅರ್ಧ ಅನ್ನುವುದು ಮನೆಯಿಂದ ಮನೆಗೆ ಬೇರೆ. ಆಮೇಲೆ ಬಿಸಿನೀರು. "ಸೋಲಾರ್ ಇದೆ" ಅಂದರು. ಆಗಸ್ಟಿನಲ್ಲಿ ಮೂಡಿಗೆರೆಯಲ್ಲಿ ಬಿಸಿಲು ಎಲ್ಲಿಂದ ಬರಬೇಕು? ಮತ್ತೆ ಕೇಳಿದಾಗ, ಹಿಂದೆ ಹಂಡೆ ಒಲೆಯೂ ಇದೆ, ಬೆಳಿಗ್ಗೆ ಐದಕ್ಕೇ ಉರಿ ಹಾಕುತ್ತೇವೆ ಅಂದರು. ಅದು ಕೇಳಿದ ಮೇಲೆ ಜೀವಕ್ಕೆ ಸಮಾಧಾನ ಆಯಿತು. ಮಳೆಗೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಏನಿದೆ, ಯಾವ ಸಿಮ್ ಸಿಗ್ನಲ್ ಹಿಡಿಯುತ್ತದೆ, ಡಾಂಬರು ರಸ್ತೆ ಬಿಟ್ಟ ಮೇಲೆ ಮಣ್ಣು ರಸ್ತೆ ಎಷ್ಟು ದೂರ, ನಮ್ಮ ಟೆಂಪೋ ಟ್ರಾವೆಲರ್ ಗಾಡಿ ಏರು ಹತ್ತುತ್ತದಾ ಅಂತಲೂ ಕೇಳಿದೆ. ಹತ್ತಲ್ಲ, ಮೇನ್ ರೋಡಿಗೆ ಜೀಪ್ ಕಳಿಸುತ್ತೇವೆ ಅಂದರು.

ಡ್ರೈವರ್ ಎಲ್ಲಿ ಮಲಗುತ್ತಾರೆ ಅನ್ನುವುದನ್ನು ದಯವಿಟ್ಟು ಯಾರೂ ಮರೆಯಬೇಡಿ. ನಾವು ಒಳಗೆ ಬೆಚ್ಚಗೆ ಮಲಗಿ, ಅವರು ಮಳೆಯಲ್ಲಿ ಗಾಡಿ ಸೀಟಿನ ಮೇಲೆ ರಾತ್ರಿ ಕಳೆಯುವುದನ್ನು ನಾನು ಬೇರೆ ಕಡೆ ನೋಡಿದ್ದೇನೆ. ಅದು ಸರಿಯಲ್ಲ. ಇವರ ಮನೆಯಲ್ಲಿ ಡ್ರೈವರ್‌ಗೆ ಅಂತಲೇ ಒಂದು ಕೋಣೆ, ಮಂಚ, ಕಂಬಳಿ ಇತ್ತು. ಊಟವೂ ನಮ್ಮ ಜೊತೆಗೇ.

ಅಮ್ಮನಿಗೆ ನಾನು ಇಷ್ಟೆಲ್ಲಾ ಕೇಳಿದ್ದು ಹಿಡಿಸಲಿಲ್ಲ. "ಅವರ ಮನೆಗೆ ಹೋಗೋರು ನಾವು, ಹೀಗೆ ವಿಚಾರಣೆ ಮಾಡಿದ್ರೆ ಏನಂದ್ಕೊಳ್ತಾರೆ ಕಣೇ?" ಅಂದರು. ನಾನು ಹಾಗೆ ನೋಡುವುದಿಲ್ಲ. ಮೊದಲೇ ಕೇಳಿದರೆ ಮನೆಯವರಿಗೂ ತಯಾರಿ ಮಾಡಿಕೊಳ್ಳಲು ಟೈಮ್ ಸಿಗುತ್ತದೆ, ಅಲ್ವಾ? ಊಟದ ವಿಷಯದಲ್ಲಂತೂ ಅದು ಕಣ್ಣಿಗೆ ಕಂಡಿತು. ಶ್ರಾವಣ ಮಾಸ. ದೊಡ್ಡಮ್ಮ ತಿಂಗಳು ಪೂರ್ತಿ ಬರೀ ಸಸ್ಯಾಹಾರ. ಅಣ್ಣ ಮಲೆನಾಡಿಗೆ ಬರುವುದೇ ಕಡುಬು, ಕೋಳಿ ಸಾರಿಗೆ. ವಾರ ಮುಂಚೆಯೇ ಹೇಳಿದ್ದರಿಂದ ಆ ಮನೆಯಮ್ಮ ಕೋಳಿಗೆ ಹಿತ್ತಲ ಕಡೆ ಬೇರೆ ಒಲೆ ಹೂಡಿದ್ದರು, ಪಾತ್ರೆ ಸೌಟು ಎಲ್ಲಾ ಬೇರೆ. ದೊಡ್ಡಮ್ಮನಿಗೆ ಒಳಗಿನ ಒಲೆಯಲ್ಲಿ ಅಕ್ಕಿ ರೊಟ್ಟಿ, ಕಳಲೆ ಪಲ್ಯ, ಪತ್ರೊಡೆ. ಕೆಸುವಿನ ಎಲೆ ಮನೆ ಹಿಂದಿನ ಹಳ್ಳದ ಬದಿಯದು. ಎಲೆ ಬೆನ್ನಿನ ನಾರು ತೆಗೆದು, ಹುಳಿ ಹಾಕಿ ರುಬ್ಬಿದ ಹಿಟ್ಟನ್ನು ಅಂಗೈಯಲ್ಲೇ ಸವರಿ, ಒಂದರ ಮೇಲೊಂದು ಎಲೆ ಇಟ್ಟು ಚಾಪೆ ಸುತ್ತಿದ ಹಾಗೆ ಸುತ್ತುತ್ತಿದ್ದರು. ದೊಡ್ಡಮ್ಮ ಹೋಗಿ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತರು. "ಹುಳಿ ಸಾಕಾ, ಬಾಯಿ ತುರಿಸಲ್ವಾ?" ಅಂತ ಇವರು, "ನೋಡಿ ಅಮ್ಮ, ತುರಿಸಿದ್ರೆ ದುಡ್ಡು ವಾಪಸ್" ಅಂತ ಅವರು. ಜರ್ಮನಿಯಲ್ಲಿ ಎಷ್ಟು ದುಡ್ಡು ಕೊಟ್ಟು ಎಂಥ ಮನೆ ಹಿಡಿದರೂ ಇದು ಸಿಗುವುದಿಲ್ಲ. ಊರಲ್ಲಿ ಇರುವವರು ಇದನ್ನು ಮಾಮೂಲಿ ಅಂದುಕೊಳ್ಳುತ್ತೀರಿ. ಅಲ್ಲ.

ಸುತ್ತಾಟ ಕಮ್ಮಿಯೇ ಆಯಿತು. ಹೋಗುವಾಗ ಬೇಲೂರಿನಲ್ಲಿ ಇಳಿದೆವು. 1117ರ ದೇವಸ್ಥಾನ, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ನನ್ನ ಮಕ್ಕಳು ನೋಡುತ್ತಿರುವುದು ಇದೇ ಮೊದಲು. ನೆಂದ ಕಲ್ಲಿನ ಮೇಲೆ ಬರಿಗಾಲಲ್ಲಿ ನನ್ನ ಅಪ್ಪನನ್ನು ಅವರೇ ಕೈ ಹಿಡಿದುಕೊಂಡು ನಡೆಸಿದರು. ದೇವರಮನೆ ಬೆಟ್ಟದಲ್ಲಿ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ, ಇಂಬಳ, ಅಂದರೆ ಜಿಗಣೆ ಮಾತ್ರ ಎಲ್ಲರ ಕಾಲಿಗೂ ಹತ್ತಿತು. ಮುಳ್ಳಯ್ಯನಗಿರಿಗೆ ಹೋಗುವ ಮನಸ್ಸಿದ್ದರೆ ಈಗ ಗಾಡಿಗೆ ಮೊದಲೇ ಆನ್‌ಲೈನಿನಲ್ಲಿ ಬುಕ್ ಮಾಡಿಕೊಳ್ಳಿ. ಸಂಜೆ ಮೇಲೆ ತೋಟದೊಳಗೆ ನಡೆಯಲು ಹೋಗಬೇಡಿ. ಆನೆ ಎಲ್ಲಿದೆ ಅನ್ನುವ ಸುದ್ದಿ ಆ ಊರಿನವರ ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತಿರುತ್ತದೆ, ಮನೆಯವರ ಮಾತು ಕೇಳಿ.

ಹೊರಗಿನಿಂದ ಬರುವವರಿಗೆ ಇನ್ನೊಂದು ಮಾತು. ನನ್ನ ಮಕ್ಕಳ ಪಾಸ್‌ಪೋರ್ಟ್ ಜರ್ಮನಿಯದು. ವಿದೇಶಿ ಪಾಸ್‌ಪೋರ್ಟಿನವರು ಉಳಿದರೆ ಮನೆಯವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅವರ ವಿವರದ ಫಾರ್ಮ್ (ಮುಂಚೆ ಇದಕ್ಕೆ ಫಾರ್ಮ್ ಸಿ ಅನ್ನುತ್ತಿದ್ದರು) ತುಂಬಬೇಕು. ಅದನ್ನು ಮಾಡುವ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಇರುವ ಮನೆಯನ್ನೇ ಹಿಡಿಯಿರಿ. ಪಾಸ್‌ಪೋರ್ಟ್, ವೀಸಾ ಜೆರಾಕ್ಸ್ ಮೊದಲೇ ಕಳಿಸಿಬಿಟ್ಟರೆ ಅವರಿಗೂ ಸಲೀಸು.

ಹೊರಡುವ ದಿನ ಮನೆಯೊಡೆಯರು ನಾನು ಫೋನಿನಲ್ಲಿ ಕೇಳಿದ್ದನ್ನೆಲ್ಲಾ ಇನ್ನೊಂದು ಸಲ ಹೇಳಿ ಅಂದರು. ಅವರ ಮಗಳು ಕೂತು ಬರೆದುಕೊಂಡಳು. ಈಗ ಬುಕ್ ಮಾಡುವ ಎಲ್ಲರಿಗೂ ಅದನ್ನೇ ಕನ್ನಡದಲ್ಲಿ ವಾಟ್ಸಾಪ್ ಮಾಡುತ್ತಿದ್ದಾರಂತೆ. ಮಣ್ಣು ರಸ್ತೆ, ಕಮೋಡ್, ಬಿಸಿನೀರು, ಡ್ರೈವರ್ ಕೋಣೆ, ಊಟದ ಲೆಕ್ಕ, ಎಲ್ಲಾ ಇದೆ. ಕೊನೆಗೆ ಅವರದೇ ಒಂದು ಸಾಲು ಸೇರಿಸಿದ್ದಾರೆ: "ರಾತ್ರಿ ಜೋರಾಗಿ ಹಾಡು ಹಾಕಬೇಕು ಅನ್ನುವವರು ದಯವಿಟ್ಟು ಬೇರೆ ಕಡೆ ನೋಡಿಕೊಳ್ಳಿ."