ಕೆಲಸ ಎಂತ ಎಂದು ಒಮ್ಮೆ ಕೇಳಿದರೆ ಸಾಲದು

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶ್ವಾಸಕೋಶದ ಪರೀಕ್ಷೆ ಮಾಡುವ ಟೆಕ್ನಿಶಿಯನ್ ನಾನು. ನಮ್ಮ ರೂಮಿಗೆ ಬರುವವರು ಅದನ್ನು ‘ಊದುವ ರೂಮು’ ಎನ್ನುತ್ತಾರೆ. ಮೂಗಿಗೆ ಕ್ಲಿಪ್ ಹಾಕಿ, ಬಾಯಿಗೆ ಕೊಳವೆ ಕೊಟ್ಟು, ಎದೆ ತುಂಬ ಉಸಿರು ಎಳೆದುಕೊಳ್ಳಲು ಹೇಳುತ್ತೇನೆ. ಆಮೇಲೆ “ಊದಿ, ಊದಿ, ಬಿಡಬೇಡಿ, ಇನ್ನೂ ಊದಿ” ಎಂದು ಪಕ್ಕದಲ್ಲೇ ನಿಂತು ಹುರಿದುಂಬಿಸಬೇಕು. ಸುಮಾರು 6 ಸೆಕೆಂಡ್ ಊದಬೇಕು. ಅಂಥ 3 ಸರಿಯಾದ ಊದು ಸಿಗುವವರೆಗೆ ಬಿಡುವ ಹಾಗಿಲ್ಲ.

ಪರೀಕ್ಷೆಗೆ ಮೊದಲು ಒಂದು ಫಾರಂ ತುಂಬಬೇಕು. ಪ್ರಾಯ, ಎತ್ತರ, ಬೀಡಿ ಸಿಗರೇಟ್ ಉಂಟಾ, ಕೆಲಸ ಎಂತ. ಪ್ರಾಯ, ಎತ್ತರ ತಪ್ಪಿದರೆ ಮಿಷನ್ ಹಾಕುವ ಲೆಕ್ಕವೇ ತಪ್ಪುತ್ತದೆ. ಅದಕ್ಕೆ ಅವನ್ನು ಎರಡೆರಡು ಸಲ ನೋಡುತ್ತಿದ್ದೆ. ಕೆಲಸದ ಕಾಲಂನಲ್ಲಿ ಮಾತ್ರ ಅವರು ಹೇಳಿದ್ದನ್ನು ಬರೆದು ಮುಂದೆ ಹೋಗುತ್ತಿದ್ದೆ.

ಕಾರ್ಕಳ ಕಡೆಯ ಒಬ್ಬರು ಬಂದಿದ್ದರು. ಪ್ರಾಯ ಇನ್ನೂ 45 ದಾಟಿಲ್ಲ. ಮೆಟ್ಟಿಲು ಹತ್ತಿ ಬಂದವರು ಮೇಜಿನ ಅಂಚು ಹಿಡಿದುಕೊಂಡು ಐದು ನಿಮಿಷ ಸುಮ್ನೆ ನಿಂತರು. ಬೀಡಿ ಇಲ್ಲ, ಕುಡಿತ ಇಲ್ಲ. ಕೆಲಸ? “ಅಂಗಡಿ.” ಬರೆದೆ. ಊದಿಸಿದೆ. ಪರದೆಯ ಮೇಲಿನ ಗೆರೆ ಸ್ವಲ್ಪ ಏರಿ ಅಲ್ಲೇ ನಿಂತಿತು. ಅವರ ಎತ್ತರದವರು ಊದಬೇಕಾದ ಗಾಳಿಯಲ್ಲಿ ಅರ್ಧವೂ ಬರಲಿಲ್ಲ. ಒಂದು ವರ್ಷದ ಮೊದಲೂ ಅವರು ಬಂದಿದ್ದರು. ಹಳೇ ಫಾರಂ ತೆಗೆದು ನೋಡಿದರೆ ಅಲ್ಲಿಯೂ ನನ್ನದೇ ಅಕ್ಷರದಲ್ಲಿ ‘ಅಂಗಡಿ’.

ಹೊರಡುವಾಗ ಅವರ ಹೆಂಡತಿ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು: “ಕಲ್ಲಿನ ಕೆಲಸ ಬಿಟ್ಟ ಮೇಲಾದರೂ ಕಡಿಮೆಯಾಗ್ತದೆ ಅಂತ ಇದ್ದೆವು ಸರ್.”

ಯಾವ ಕಲ್ಲು ಎಂದು ಕೇಳಿದೆ. ಅಂಗಡಿ ಇಟ್ಟು 4 ವರ್ಷ ಆಗಿತ್ತಷ್ಟೆ. ಅದಕ್ಕೆ ಮೊದಲು 16 ವರ್ಷ ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಕೆಲಸ. ನೀರು ಹಾಕದೆ, ಬರೀ ಬ್ಲೇಡ್. ಮುಖಕ್ಕೆ ಒಂದು ಬೈರಾಸು. ಈ ನಡುವೆ ಬೇರೆ ಕಡೆ ಎರಡು ಸಲ ಟಿಬಿ ಮಾತ್ರೆ ನುಂಗಿದ್ದರು, ಕಫದಲ್ಲಿ ಒಮ್ಮೆಯೂ ಟಿಬಿ ಕಂಡಿರಲಿಲ್ಲ. ಎರಡನೆಯ ಸಲದ ಮಾತ್ರೆ ಶುರುವಾದದ್ದು ನಾನು ಮೊದಲ ಸಲ ‘ಅಂಗಡಿ’ ಎಂದು ಬರೆದ ಮೇಲೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಡಾಕ್ಟರ ಹತ್ತಿರ ಓಡಿದೆ. ಎಕ್ಸ್‌ರೇ ಮತ್ತೆ ನೋಡಿದರು, ಸಿಟಿ ಸ್ಕ್ಯಾನ್ ಮಾಡಿಸಿದರು. ಸಿಲಿಕೋಸಿಸ್, ಕಲ್ಲಿನ ಹುಡಿಯಿಂದ ಬರುವ ಶ್ವಾಸಕೋಶದ ಕಾಯಿಲೆ.

ಗ್ರಾನೈಟ್‌ನಲ್ಲಿ ಕಾಲು ಭಾಗದಷ್ಟು, ಕೆಲವದರಲ್ಲಿ ಅದಕ್ಕಿಂತ ಜಾಸ್ತಿ ಸ್ಫಟಿಕದ ಸಿಲಿಕಾ ಇರುತ್ತದೆ. ಕೊಯ್ಯುವಾಗ ಕಣ್ಣಿಗೆ ಕಾಣುವ ಬಿಳಿ ಹುಡಿ ಮೂಗು, ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಕಫದಲ್ಲಿ ಹೊರಗೆ ಬರುತ್ತದೆ. ಅಪಾಯ ಇರುವುದು ಕಾಣದ ಹುಡಿಯಲ್ಲಿ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದಿಟ್ಟುಕೊಳ್ಳಿ, ಈ ಕಣಗಳು 5 ಮೈಕ್ರಾನಿಗೂ ಕಡಿಮೆ. ನೇರ ಗಾಳಿಚೀಲದವರೆಗೆ ಇಳಿಯುತ್ತವೆ. ಅಲ್ಲಿ ಕಸ ತಿನ್ನುವ ಜೀವಕೋಶ ಅದನ್ನು ನುಂಗುತ್ತದೆ, ಜೀರ್ಣಿಸಲಾಗದೆ ಸಾಯುತ್ತದೆ. ಕಣ ಹೊರಗೆ ಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ. ಹೀಗೇ ನಡೆದು ನಡೆದು ಸುತ್ತ ಗಾಯದ ಕಲೆಯಂಥ ಗಟ್ಟಿ ಗಂಟುಗಳು ಏಳುತ್ತವೆ. ಸ್ಪಂಜಿನಂತಿದ್ದ ಶ್ವಾಸಕೋಶ ಬಿಗಿಯಾಗುತ್ತದೆ. ಕೆಲಸ ಬಿಟ್ಟರೂ ಇದು ನಿಲ್ಲದೆ ಹೋಗಬಹುದು, ಬಿಟ್ಟು ಎಷ್ಟೋ ವರ್ಷದ ಮೇಲೆ ತೋರಬಹುದು. ಆದ ಗಾಯ ಮಾಯುವ ಮದ್ದು ಇಲ್ಲ. ಗಂಟು ಹೆಚ್ಚಾಗಿ ಏಳುವುದು ಶ್ವಾಸಕೋಶದ ಮೇಲ್ಭಾಗದಲ್ಲಿ, ಟಿಬಿಯ ಜಾಗವೂ ಅದೇ. ಸಾಲದ್ದಕ್ಕೆ ಸಿಲಿಕೋಸಿಸ್ ಇದ್ದವರಿಗೆ ನಿಜವಾದ ಟಿಬಿಯೂ ಬೇಗ ಹತ್ತುತ್ತದೆ. ಹಾಗಾಗಿ ಎಕ್ಸ್‌ರೇ ಒಂದನ್ನೇ ನೋಡಿದರೆ ಯಾರೂ ತಪ್ಪಬಹುದು. ಕೆಲಸ ಗೊತ್ತಿದ್ದರೆ ಮಾತ್ರ ಅನುಮಾನ ಬರುವುದು.

ಅಂದಿನಿಂದ ನಾನು ಕೇಳುವುದು, “ಶಾಲೆ ಬಿಟ್ಟ ಮೇಲೆ ಇವತ್ತಿನವರೆಗೆ ಏನೇನು ಕೆಲಸ ಮಾಡಿದ್ದೀರಿ?” ಎಂದು. ಫಾರಂನಲ್ಲಿ ಜಾಗ ಸಾಲದೆ ಹಿಂದೆ ಬರೆಯುತ್ತೇನೆ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಕೇಳಿದರೆ ಎಷ್ಟೆಲ್ಲ ಹೊರಗೆ ಬರುತ್ತದೆ! ಹಿಟ್ಟಿನ ಗಿರಣಿಯವರೊಬ್ಬರಿಗೆ ಊರಿನ ಜಾತ್ರೆಗೆ ನಾಲ್ಕು ದಿನ ರಜೆ ಹಾಕಿದರೆ ದಮ್ಮು ಪೂರ್ತಿ ಹೋಗುತ್ತಿತ್ತು, ಗಿರಣಿ ತೆರೆದ ದಿನವೇ ವಾಪಸು. ರಜೆಯಲ್ಲಿ ಇಳಿಯುವ ದಮ್ಮು ಕೆಲಸದ್ದೇ ಇರಬಹುದು ಎಂಬುದಕ್ಕೆ ಅದೊಂದು ದೊಡ್ಡ ಸುಳಿವು. ‘ಮನೆಯಲ್ಲೇ ಇರುವುದು’ ಎನ್ನುವ ಹೆಂಗಸರು ಮೂವತ್ತು ವರ್ಷ ಬೀಡಿ ಕಟ್ಟಿರುತ್ತಾರೆ, ಮಡಿಲಲ್ಲಿ ದಿನವಿಡೀ ಹೊಗೆಸೊಪ್ಪಿನ ಹುಡಿ. ಅಡುಗೆಗೆ ಗ್ಯಾಸ್ ಬಂದರೂ ನಮ್ಮ ಕಡೆ ಸ್ನಾನದ ನೀರಿಗೆ ಇನ್ನೂ ಬಚ್ಚಲೊಲೆ ಇದೆ ಅಲ್ವಾ? ಮಳೆಗಾಲದಲ್ಲಿ ಹಸಿ ಮಡಲು, ತೆಂಗಿನ ಸಿಪ್ಪೆ ಊದಿ ಊದಿ ಉರಿಸಿದವರ ಎದೆಗೆ, ಒಂದು ಸಿಗರೇಟೂ ಸೇದದೆ, ಸಿಗರೇಟಿನವರಿಗೆ ಬರುವ ಕಾಯಿಲೆಯೇ ಬರಬಹುದು.

ಬೈರಾಸು ಕಟ್ಟಿಕೊಂಡರೆ ಸಾಕಾ ಎಂದು ತುಂಬ ಜನ ಕೇಳುತ್ತಾರೆ. ಬಟ್ಟೆಯ ನೇಯ್ಗೆಯ ಸಂದಿನಲ್ಲಿ ಆ ಸಣ್ಣ ಕಣ ಸಲೀಸಾಗಿ ನುಗ್ಗುತ್ತದೆ. ಎನ್95 ಒಳ್ಳೆಯದು, ಆದರೆ ಗಡ್ಡದ ಮೇಲೆ ಕೂರುವುದಿಲ್ಲ, ಬದಿಯಿಂದ ಗಾಳಿ ಹೊಕ್ಕುತ್ತದೆ. ಮಾಸ್ಕಿಗಿಂತ ಮೊದಲು ಬೇಕಾದದ್ದು ನೀರು. ಬ್ಲೇಡಿಗೆ ನೀರು ಬೀಳುತ್ತಿದ್ದರೆ ಹುಡಿ ಏಳುವ ಮೊದಲೇ ಕೆಸರಾಗುತ್ತದೆ. ಒಣಗಿದ ಮೇಲೆ ಗುಡಿಸಿದರೆ ಮತ್ತೆ ಅದೇ ಕತೆ, ಒದ್ದೆ ಇದ್ದಾಗಲೇ ತೊಳೆದುಬಿಡಬೇಕು. ಈಗ ಅಡುಗೆಮನೆಗೆ ಬರುವ ಕ್ವಾರ್ಟ್ಜ್ ಎಂಬ ಕೃತಕ ಕಲ್ಲಿನ ಸ್ಲ್ಯಾಬ್‌ನಲ್ಲಂತೂ ಸಿಲಿಕಾ 90% ದಾಟಬಹುದು. ಆಸ್ಟ್ರೇಲಿಯಾ 2024ರ ಜುಲೈಯಿಂದ ಅದನ್ನು ನಿಷೇಧಿಸಿಯೇ ಬಿಟ್ಟಿದೆ.

ಇನ್ನೊಂದು ಮಾತು. ಸಿಲಿಕೋಸಿಸ್ ಕಂಡರೆ ವರದಿ ಮಾಡಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಪರಿಹಾರ ಕೇಳುವ ದಾರಿಯೂ ಇದೆ. ಆದರೆ ಆ ಕಾರ್ಕಳದವರಿಗೆ 16 ವರ್ಷ ಕಲ್ಲಿನ ಕೆಲಸದಲ್ಲಿ ದುಡಿದದ್ದಕ್ಕೆ ಒಂದು ಚೀಟಿ ಕೂಡ ಇರಲಿಲ್ಲ. ಸಂಬಳದ ಚೀಟಿ, ಗುರುತಿನ ಕಾರ್ಡು, ಹಳೇ ಎಕ್ಸ್‌ರೇ, ಯಾವುದನ್ನೂ ದಯವಿಟ್ಟು ಬಿಸಾಡಬೇಡಿ.

ಹೋದ ತಿಂಗಳು ಅವರು ಬಂದಾಗ ಜೊತೆಗೆ ಅಕ್ಕನ ಮಗನೂ ಇದ್ದ. 22 ವರ್ಷದ ಹುಡುಗ, ಟೈಲ್ಸ್ ಕೆಲಸ. “ಇವನದ್ದೂ ಒಮ್ಮೆ ನೋಡಿ ಸರ್” ಎಂದರು. ಡಾಕ್ಟರ ಚೀಟಿ ತಂದು ಊದಿದ, ಗೆರೆ ಚೆನ್ನಾಗಿಯೇ ಏರಿತು. ಶುರುವಿನಲ್ಲಿ ಎಲ್ಲರದ್ದೂ ಚೆನ್ನಾಗಿಯೇ ಏರುತ್ತದೆ, ಎಕ್ಸ್‌ರೇಯನ್ನೂ ಡಾಕ್ಟರಿಗೆ ತೋರಿಸಿ ಎಂದೆ. ಕೆಲಸದ ಕಾಲಂನಲ್ಲಿ ‘ಟೈಲ್ಸ್ ಕೊಯ್ಯುವುದು, 3 ವರ್ಷ, ನೀರಿಲ್ಲದೆ’ ಎಂದು ಬರೆದೆ. ಮಾವ ಅದನ್ನು ಬಗ್ಗಿ ಓದಿದರು. ಆಮೇಲೆ ಹುಡುಗನ ಕಡೆ ತಿರುಗಿ, ನೀರಿನ ಪೈಪು ಇರುವ ಮಿಷನ್ ಎಷ್ಟಕ್ಕೆ ಸಿಗುತ್ತದೆ ಎಂದು ಕೇಳಿದರು.