ನಮ್ಮ ತೋಟದ ಮರದ ನೆಂಟರು

ನಿನ್ನೆ ಸಿಡ್ನಿ ಹತ್ತಿರದ ಬ್ಲೂ ಮೌಂಟನ್ಸ್‌ಗೆ ಹೋಗಿದ್ದೆ, ವೆಂಟ್‌ವರ್ತ್ ಫಾಲ್ಸ್ ಕಡೆಯ ಕಾಲುದಾರಿ. ಎರಡು ಗಂಟೆಯ ದಾರಿಗೆ ನಾಲ್ಕು ಗಂಟೆ ಹಿಡಿಯಿತು, ಪ್ರತಿ ಗಿಡದ ಮುಂದೆಯೂ ನಿಂತು ಇದು ಯಾವುದು ಅಂತ ನೋಡ್ತಾ ಇದ್ದೆ.

ಮೊದಲು ಗುರುತು ಸಿಕ್ಕಿದ್ದು ಬ್ಯಾಂಕ್ಸಿಯಾ ಸೆರಾಟ ಅನ್ನೋ ಇಲ್ಲಿನ ಮರ. ಎಲೆಯ ಅಂಚಿಗೆ ಬೆರಳು ಸವರಿದರೆ ಗರಗಸದ ಹಲ್ಲು, ತೊಗಟೆ ಪೂರ್ತಿ ಗಂಟು ಗಂಟು. ಕೊಂಬೆಯಲ್ಲೇ ಇದ್ದ ಒಣಗಿದ ತೆನೆಯನ್ನು ಹತ್ತಿರದಿಂದ ನೋಡಿದೆ. ಬೂದು ಬಣ್ಣದ ಕೂದಲಿನ ನಡುವೆ ಪುಟ್ಟ ಪುಟ್ಟ ತುಟಿಗಳ ಹಾಗೆ ಕಾಯಿಗಳು, ಕೆಲವು ತೆರೆದಿದ್ದವು, ಹೆಚ್ಚಿನವು ಬಿಗಿಯಾಗಿ ಮುಚ್ಚಿದ್ದವು. ಬೆಂಕಿಯ ಬಿಸಿ ತಾಗಿದ ಮೇಲೆಯೇ ಇವು ಜಾಸ್ತಿ ಬಾಯಿಬಿಟ್ಟು ಬೀಜ ಉದುರಿಸೋದು. 2019-20ರ ಕಾಡ್ಗಿಚ್ಚಿನಲ್ಲಿ ಈ ಬೆಟ್ಟಸಾಲಿನ ಬಹುಭಾಗ ಸುಟ್ಟುಹೋಗಿತ್ತು. ಅದನ್ನ ನೆನೆದು ಆ ತೆನೆ ನೋಡ್ತಾ ತುಂಬಾ ಹೊತ್ತು ಅಲ್ಲೇ ನಿಂತೆ.

ಆಮೇಲೆ ಗೊತ್ತಾಗಿದ್ದು, ಇಲ್ಲಿನ ಬ್ಯಾಂಕ್ಸಿಯಾ, ಕೆಂಪು ಹೂವಿನ ವಾರಟಾ, ನಮ್ಮ ಕಾಫಿ ತೋಟದ ಸಿಲ್ವರ್ ಓಕ್ ಮೂರೂ ಒಂದೇ ಕುಟುಂಬ, ಪ್ರೋಟಿಯೇಸಿ! ಸಿಲ್ವರ್ ಓಕ್ ನಿಜವಾದ ಓಕ್ ಅಲ್ಲವೇ ಅಲ್ಲ, ಅದರ ತವರು ಪೂರ್ವ ಆಸ್ಟ್ರೇಲಿಯಾ. ಮೂಡಿಗೆರೆಯಲ್ಲಿ ಮೆಣಸಿನ ಬಳ್ಳಿ ಹೊತ್ತು ನಿಂತ ಆ ಮರಗಳನ್ನ ಚಿಕ್ಕಂದಿನಿಂದ ನಮ್ಮವು ಅಂತಲೇ ತಿಳಿದಿದ್ದೆ. ಅವು ನನಗಿಂತ ಎಷ್ಟೋ ಮೊದಲು ಊರು ಬಿಟ್ಟು ಬಂದವು, ನಾನು ಎದುರು ದಿಕ್ಕಿಗೆ ಬಂದೆ ಅಲ್ವಾ.

ಅಮ್ಮನಿಗೆ ಬ್ಯಾಂಕ್ಸಿಯಾ ಫೋಟೋ ಕಳಿಸಿದೆ. "ಇದಕ್ಕೂ ಮೆಣಸು ಹಬ್ಬಿಸಬಹುದಾ ಮಗಾ?" ಅಂತ ಕೇಳಿದ್ದಾರೆ.