ಕನ್ಸೋಲಿನಲ್ಲಿ ಕಾಣೆಯಾಗುತ್ತಿದ್ದ ಒಂದು ಅಕ್ಷರ

14 ಮಾರ್ಚ್ 2024, ಗುರುವಾರ

ಮೂರು ದಿನಗಳಿಂದ ಕಾಡುತ್ತಿದ್ದ ದೋಷ ಇಂದು ಮಧ್ಯಾಹ್ನ ಸಿಕ್ಕಿತು. ಪ್ರಯೋಗಾಲಯದ ಹಳೆಯ 64 ಬಿಟ್ ಪೆಂಟಿಯಂ 4 ಯಂತ್ರದಲ್ಲಿ ಲಿನಕ್ಸ್ 5.10ರ ಆರಂಭದ ಆವೃತ್ತಿಯೊಂದಿದೆ. ಅದರ ಪಠ್ಯ ಕನ್ಸೋಲಿನಲ್ಲಿ, ಅಂದರೆ ಆಜ್ಞೆಗಳನ್ನು ಟೈಪಿಸುವ ಪರದೆಯಲ್ಲಿ, ಉದ್ದನೆಯ ಆಜ್ಞೆಯ ನಡುವೆ ಒಂದು ಅಕ್ಷರ ಅಳಿಸಿದರೆ, ಒಮ್ಮೊಮ್ಮೆ ಬಲಗಡೆಯ ಪಠ್ಯ ಕೆಡುತ್ತಿತ್ತು. 'ಬ್ಯಾಕಪ್' ಎಂಬ ಇಂಗ್ಲಿಷ್ ಪದದಲ್ಲಿ 'ಸಿ' ಮಾಯವಾಗಿ ಅದರ ಜಾಗದಲ್ಲಿ 'ಕೆ' ಎರಡು ಸಲ ಕಾಣಿಸಿತು. ಆದರೆ ಎಂಟರ್ ಒತ್ತಿದಾಗ ಸರಿಯಾದ ಆಜ್ಞೆಯೇ ಓಡಿತು, ಏಕೆಂದರೆ ಆಜ್ಞೆಗಳನ್ನು ಓದಿ ನಡೆಸುವ ಶೆಲ್ ತನ್ನ ಸಾಲನ್ನು ಬೇರೆಯಾಗಿಯೇ ಇಟ್ಟುಕೊಂಡಿರುತ್ತದೆ. ಕಣ್ಣಿಗೆ ಕಾಣುವುದನ್ನು ನಂಬಿ ತಿದ್ದಲು ಹೋದವನ ಪಾಡು ಮಾತ್ರ ಹೇಳತೀರದು.

ಮೊದಲ ದಿನ ಫಾಂಟಿನ ಮೇಲೆ ಅನುಮಾನಪಟ್ಟು ಸಮಯ ಹಾಳು ಮಾಡಿದೆ. ಪರದೆಯ ಸ್ಮೃತಿಯನ್ನು ಕಡತದಂತೆ ಓದಲು ಬಿಡುವ ವಿಸಿಎಸ್ ಸಾಧನವನ್ನು ತೆರೆದು ನೋಡಿದಾಗ, ಅಲ್ಲಿಯೇ ಅಕ್ಷರಗಳು ಕೆಟ್ಟಿದ್ದವು. ಆಮೇಲೆ ಕರ್ಸರನ್ನು ಒಂದೊಂದೇ ಅಂಕಣ ಸರಿಸುತ್ತಾ ಅಳಿಸಿ ನೋಡಿದೆ. ಒಂದು ಸಾಲಿನಲ್ಲಿ 48ನೆಯ ಅಂಕಣದಲ್ಲಿ ಕೆಡುತ್ತಿದ್ದದ್ದು ಎರಡು ಸಾಲು ಕೆಳಗೆ 16ರಲ್ಲಿ, ಅಲ್ಲಿಂದ ಮೂರು ಸಾಲು ಕೆಳಗೆ 32ರಲ್ಲಿ ಕೆಡುತ್ತಿತ್ತು. ಇಷ್ಟು ಅಚ್ಚುಕಟ್ಟಾದ ತಪ್ಪು ಯಂತ್ರಾಂಶದ್ದಾಗಿರಲು ಸಾಧ್ಯವಿಲ್ಲ ಎನಿಸಿತು.

ಅಕ್ಷರವೊಂದಕ್ಕೆ ಅದರ ಬಣ್ಣವೂ ಸೇರಿ ಎರಡು ಬೈಟು, 80 ಅಂಕಣದ ಸಾಲಿಗೆ 160 ಬೈಟು. ಅಳಿಸುವ ಕೆಲಸವೆಂದರೆ ಉಳಿದ ಸಾಲನ್ನು ಎರಡು ಬೈಟು ಎಡಕ್ಕೆ ನಕಲಿಸುವುದು. ಇಲ್ಲಿ ಮೂಲವೂ ಗುರಿಯೂ ಬಹುಪಾಲು ಒಂದರ ಮೇಲೊಂದು ಬೀಳುತ್ತವೆ, ಆದರೂ ಕರ್ನಲ್‌ನಲ್ಲಿ (ಲಿನಕ್ಸಿನ ತಿರುಳಿನಲ್ಲಿ) ಕನ್ಸೋಲನ್ನು ನಡೆಸುವ ವಿಟಿ.ಸಿ ಕಡತದ ಆ ಅಳಿಸುವ ಕಾರ್ಯವು (ಫಂಕ್ಷನ್), ಮೂಲ ಮತ್ತು ಗುರಿ ಬೇರೆಬೇರೆ ಎಂದು ನಂಬಿ ನಕಲಿಸುವ ಮೆಮ್‌ಕಾಪಿಯನ್ನು ಕರೆಯುತ್ತಿತ್ತು. ಈ ಹಳೆಯ ಪ್ರೊಸೆಸರಿಗೆ ಕರ್ನಲ್ ಆರಿಸುವ ಮೆಮ್‌ಕಾಪಿಯು ಎರಡೂ ವಿಳಾಸಗಳ ಕೊನೆಯ ಬೈಟನ್ನು ಹೋಲಿಸಿ, ಕೆಲವೊಮ್ಮೆ ಬಾಲದಿಂದ ತಲೆಯ ಕಡೆಗೆ 32 ಬೈಟುಗಳ ತುಂಡುಗಳಾಗಿ ನಕಲಿಸುತ್ತದೆ. ಆಗ ಪ್ರತಿ ತುಂಡಿನ ಗಡಿಯಲ್ಲಿ, ಇನ್ನೂ ಓದದ ಒಂದು ಅಕ್ಷರದ ಮೇಲೆ ಹೊಸದು ಬಂದು ಕೂರುತ್ತದೆ. ಹಾಗೆ ಹಿಂದಕ್ಕೆ ತಿರುಗುವ ವಿಳಾಸ 256 ಬೈಟುಗಳಿಗೊಮ್ಮೆ, ಅಂದರೆ 128 ಅಂಕಣಗಳಿಗೊಮ್ಮೆ ಮಾತ್ರ ಬರುವುದರಿಂದಲೇ ಆ 48, 16, 32.

ತಿದ್ದಿದ್ದು ಒಂದೇ ಸಾಲು: ಮೆಮ್‌ಕಾಪಿಯ ಜಾಗಕ್ಕೆ, ಅತಿಕ್ರಮಣವನ್ನು ಸಂಭಾಳಿಸಬಲ್ಲ ಮೆಮ್‌ಮೂವ್. ಅದೇ ಕಡತದಲ್ಲಿ ಅಕ್ಷರ ಸೇರಿಸುವ ಕಾರ್ಯವು ಈಗಾಗಲೇ ಮೆಮ್‌ಮೂವನ್ನೇ ಬಳಸುತ್ತಿದೆ. ಮುಖ್ಯ ಕರ್ನಲ್‌ನಲ್ಲಿ 2022ರಲ್ಲೇ ಇದೇ ಬದಲಾವಣೆಯಾಗಿದೆಯೆಂದು ಸಂಜೆ ತಿಳಿದಾಗ ನಗುವೂ ಬೇಸರವೂ ಒಟ್ಟಿಗೇ ಬಂದವು. ಅದಕ್ಕಿಂತ ಸೋಜಿಗವೆಂದರೆ, ಆಜ್ಞೆಯ ಸಾಲಿನಲ್ಲಿ ಮೂಡುತ್ತಿದ್ದ ಕಸವನ್ನು ನಿವಾರಿಸಲು ಹಿಂದೆ ಮಾಡಿದ ತಿದ್ದುಪಡಿಯಿಂದಲೇ ಈ ದೋಷ ಒಳಸೇರಿತ್ತು.

ಹೊಸ ಕರ್ನಲ್ ಹಾಕಿ, ಪ್ರತಿ ಸಾಲಿನ ಪ್ರತಿ ಅಂಕಣದಲ್ಲೂ ಅಳಿಸಿ ನೋಡುವ ಸಣ್ಣ ಪ್ರೋಗ್ರಾಮನ್ನು ಓಡಿಸಿದೆ. ಒಂದೂ ಕೆಡಲಿಲ್ಲ. ಯಂತ್ರದ ಪೂರೈಕೆದಾರರಿಗೆ ನಾಳೆ ಪತ್ರ ಬರೆಯಬೇಕು.